ಸದ್ದಿಲ್ಲದ ಕ್ಯಾಮೆರಾ

ಕ್ಯಾಮೆರಾ ಅಂಗಡಿಯಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಗಿರಾಕಿಗಳ ಮೇಲೆ ಹೆಚ್ಚು ಗೌರವ ಉಳಿದಿರುವುದಿಲ್ಲ. ನನಗಂತೂ ಉಳಿದಿಲ್ಲ. ಒಬ್ಬ ಬಂದು ಭಾವಮೈದುನನ ಹತ್ತಿರ ಇರುವುದಕ್ಕಿಂತ ಉದ್ದದ ಲೆನ್ಸ್ ಬೇಕು ಎನ್ನುತ್ತಾನೆ. ಇನ್ನೊಬ್ಬಳು ಇದೇ ಕ್ಯಾಮೆರಾ ಕೆಂಪು ಬಣ್ಣದಲ್ಲಿ ಇದೆಯೇ ಎಂದು ಕೇಳುತ್ತಾಳೆ. ಫೋಟೊ ಯಾತಕ್ಕೆ ತೆಗೆಯುತ್ತೀರಿ ಎಂದು ಕೇಳಿ ನೋಡಿ, ಕಣ್ಣು ಕಣ್ಣು ಬಿಡುತ್ತಾರೆ. ಯಾತಕ್ಕೆ ಎನ್ನುವುದನ್ನು ಖಚಿತವಾಗಿ ತಿಳಿದುಕೊಂಡು ನನ್ನ ಕೌಂಟರಿಗೆ ಬಂದವಳು ಒಬ್ಬಳೇ. ಅವಳು ನನ್ನ ಚಿಕ್ಕಮ್ಮ, ಅಮ್ಮನ ಕೊನೆಯ ತಂಗಿ. ನಾನು ಮಾಡಿದ ಅನಾಹುತವನ್ನು ಹೇಳದೆ ಅವಳ ಕಥೆ ಹೇಳಲು ಬರುವುದಿಲ್ಲ. ಅದಕ್ಕೇ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಚಿಕ್ಕಮ್ಮ ಬಟ್ಟೆ ಗಿರಣಿಯ ತಪಾಸಣೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಮಂಚದಷ್ಟು ಅಗಲದ ಒಂದು ಓರೆಯಾದ ಗಾಜಿನ ಮೇಜು, ಅದರ ಕೆಳಗೆ ಸಾಲಾಗಿ ಟ್ಯೂಬ್‌ಲೈಟುಗಳು. ನೇಯ್ದು ಬಣ್ಣ ಹಾಕಿದ ಬಟ್ಟೆ ಒಂದು ಕಡೆಯಿಂದ ಬಂದು ಗಾಜಿನ ಮೇಲೆ ಜಾರಿ ಇನ್ನೊಂದು ಕಡೆ ಸುತ್ತಿಕೊಳ್ಳುತ್ತಿತ್ತು. ಎಳೆ ತಪ್ಪಿದ್ದು, ಗಂಟು ಬಿದ್ದದ್ದು, ಎಣ್ಣೆಯ ಕಲೆ, ಬಣ್ಣ ಹಿಡಿಯದ ಜಾಗ ಯಾವುದು ಕಂಡರೂ ಕಾಲಿನ ಪೆಡಲ್ ಒತ್ತಿ ಬಟ್ಟೆ ನಿಲ್ಲಿಸಬೇಕು, ಸೀಮೆಸುಣ್ಣದಲ್ಲಿ ಸುತ್ತು ಹಾಕಬೇಕು, ಅಂಚಿಗೆ ಒಂದು ಕೆಂಪು ದಾರ ಕಟ್ಟಬೇಕು. ದಿನವಿಡೀ ನಿಂತೇ ಕೆಲಸ. ಅವಳ ಕಣ್ಣು ತಪ್ಪಿಸಿ ಒಂದು ಎಳೆಯೂ ದಾಟುವುದಿಲ್ಲ ಎಂದು ಮೇಸ್ತ್ರಿ ಎಲ್ಲರೆದುರು ಹೇಳುತ್ತಿದ್ದನಂತೆ. ಮನೆಗೆ ಬಂದರೂ ಆ ಕಣ್ಣಿಗೆ ರಜೆ ಇರಲಿಲ್ಲ. ನಾನು ಹೊಸ ಅಂಗಿ ತೊಟ್ಟು ಎದುರು ನಿಂತರೆ, ಚೆನ್ನಾಗಿದೆ ಅನ್ನುವ ಮೊದಲು "ಎಡ ತೋಳಲ್ಲಿ ಒಂದು ಎಳೆ ಬಿಟ್ಟಿದೆ ನೋಡ್ಕೋ" ಎನ್ನುತ್ತಿದ್ದಳು. ಅಮ್ಮ ಅವಳನ್ನು ಕರೆಯುತ್ತಿದ್ದದ್ದೇ "ಇನ್‌ಸ್ಪೆಕ್ಟರ್" ಎಂದು.

ಚಿಕ್ಕಪ್ಪ ಅದೇ ಗಿರಣಿಯ ಬಣ್ಣದ ವಿಭಾಗದಲ್ಲಿದ್ದರು. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ, ಒಂದು ಮಧ್ಯಾಹ್ನ, ಬಣ್ಣ ಕುದಿಯುವ ಹಂಡೆಯ ಮುಚ್ಚಳ ಹಾರಿ ಹಬೆ ಅವರ ಮುಖಕ್ಕೆ ಬಡಿಯಿತು. ಐದು ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಎಡಗೆನ್ನೆ, ಕಿವಿ, ಕುತ್ತಿಗೆ, ಕೆಳತುಟಿಯ ಅರ್ಧ ಭಾಗ ಎಲ್ಲವೂ ಬೇರೆ ಥರ ಆಗಿದ್ದವು. ಕಾದ ಹಾಲಿನ ಕೆನೆಯನ್ನು ಚಮಚದಲ್ಲಿ ಬದಿಗೆ ಸರಿಸಿದರೆ ಮುದುಡುತ್ತದಲ್ಲ, ಚರ್ಮ ಹಾಗೆ ಮುದುಡಿತ್ತು. ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಗಿರಣಿಯವರು ಅವರನ್ನು ಹಿಂಭಾಗದ ಗೋದಾಮಿಗೆ ಹಾಕಿದರು, ಜನರ ಓಡಾಟ ಕಡಿಮೆ ಇರುವ ಜಾಗ ಎಂದು. ಹೊರಗೆ ಹೋಗುವಾಗ ಮೂಗಿನವರೆಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. ಮನೆಯ ಬಾಗಿಲು ದಾಟಿದ ತಕ್ಷಣ ಅದನ್ನು ತೆಗೆದು ಮೊಳೆಗೆ ಸಿಕ್ಕಿಸಿ, ದೊಡ್ಡದಾಗಿ ಉಸಿರು ಬಿಡುತ್ತಿದ್ದರು.

ಹಾಗೆಂದು ಅವರು ಮೂಲೆಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂರುವ ಆಸಾಮಿಯಲ್ಲ. "ಲಾರಿ ಡ್ರೈವರುಗಳು ನನ್ನ ಹತ್ರ ಜಗಳಕ್ಕೇ ಬರಲ್ಲ ಕಣೋ. ಮುಖ ನೋಡ್ತಾರೆ, ಎಲ್ಲಿ ಅಂದ್ರೆ ಅಲ್ಲಿ ಸೈನ್ ಹಾಕ್ತಾರೆ, ಓಡ್ತಾರೆ. ಇಡೀ ಗಿರಣಿಯಲ್ಲಿ ನನ್ನಷ್ಟು ಬೇಗ ಲೋಡ್ ಇಳಿಸೋ ಗಂಡು ಯಾರಿದಾನೆ?" ಎಂದು ತಾವೇ ನಗುತ್ತಿದ್ದರು. ನಕ್ಕರೆ ಬಾಯಿ ಬಲಕ್ಕೆ ಮಾತ್ರ ಹೋಗುತ್ತಿತ್ತು. ಅವರಿಗೆ ಮಕ್ಕಳಾಗಲಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಇಬ್ಬರೂ ಮಾತಾಡಿ ಮಾತಾಡಿ ದಣಿಯುತ್ತಿರಲಿಲ್ಲ. ಅವರ ಮನೆಗೆ ಹೋದಾಗಲೆಲ್ಲ ನನಗೆ ಒಂದಿಷ್ಟು ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಫೋಟೊಗೆ ಮಾತ್ರ ಚಿಕ್ಕಪ್ಪ ಸುತರಾಂ ಒಪ್ಪುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿದ ಮೂರನೆಯ ವಾರ ಪರಿಹಾರದ ಫೈಲಿಗೆಂದು ಯಾರೋ ಒಬ್ಬ ಬಂದು, ಬ್ಯಾಂಡೇಜು ಬಿಚ್ಚಿಸಿ, ಕೈಗೆ ನಂಬರಿನ ಹಲಗೆ ಕೊಟ್ಟು, ಎದುರಿಗೆ, ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ತಿರುಗಿಸಿ ತಿರುಗಿಸಿ ಫೋಟೊ ತೆಗೆದುಕೊಂಡು ಹೋಗಿದ್ದ. ಅಂದಿನಿಂದ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದರು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವರಿರುವ ಒಂದು ಚಿತ್ರವೂ ಇಲ್ಲ. ಒಮ್ಮೆ ನಾನು ತೀರಾ ಒತ್ತಾಯ ಮಾಡಿದಾಗ ತಣ್ಣಗೆ ಹೇಳಿದ್ದರು: "ಎದುರಿಗಿದ್ರೆ ಜನ ಮರ್ಯಾದೆಗಾದ್ರೂ ಕಣ್ಣು ಆಚೆ ತಿರುಗಿಸ್ತಾರೆ. ಫೋಟೊ ಆದ್ರೆ ಹತ್ರ ಹಿಡ್ಕೊಂಡು ನೋಡ್ತಾರೆ. ಬೇಡ, ಬಿಡು."

ನನ್ನ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಕೌಂಟರಿನಲ್ಲಿ ಕ್ಯಾಮೆರಾ ಮಾರುತ್ತಿದ್ದೆ. ಮಧ್ಯಾಹ್ನದ ನಂತರ ಹಿಂದಿನ ಕೋಣೆಯ ಕಂಪ್ಯೂಟರಿನ ಮುಂದೆ ಕೂತು ಜನರ ಫೋಟೊ ತಿದ್ದುತ್ತಿದ್ದೆ. ಮೊಡವೆ ತೆಗೆಯುವುದು, ಕಣ್ಣ ಕೆಳಗಿನ ಕಪ್ಪು ತೆಗೆಯುವುದು, ಅಜ್ಜಿಯರಿಗೆ ಹತ್ತು ವರ್ಷ ಕಡಿಮೆ ಮಾಡುವುದು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ರಸ್ತೆಯಲ್ಲಿ ಇರಲಿಲ್ಲ. ಮಾರುಕಟ್ಟೆಯವರು ನನ್ನ ಹೆಸರು ಬಿಟ್ಟು "ಟಚಪ್" ಎಂದೇ ಕರೆಯುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ.

ಫೋನಿನಲ್ಲಿ ಕ್ಯಾಮೆರಾ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಒಂದು ಶನಿವಾರ, ಅರ್ಧ ದಿನದ ಕೆಲಸ ಮುಗಿಸಿ ಚಿಕ್ಕಮ್ಮ ಏಪ್ರನ್ನಿನಲ್ಲೇ ಅಂಗಡಿಗೆ ಬಂದಳು. ಕೈಯಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು. "ಒಂದು ಕ್ಯಾಮೆರಾ ಬೇಕು" ಎಂದಳು. ನಾನು ಖುಷಿಯಿಂದ ಒಳ್ಳೆಯದನ್ನೇ ತೆಗೆದು ಮುಂದಿಟ್ಟೆ. ಅವಳು ಅದನ್ನು ಕಣ್ಣಿಗೆ ಹಿಡಿಯಲಿಲ್ಲ. ಕಿವಿಗೆ ಹಿಡಿದು ಗುಂಡಿ ಒತ್ತಿದಳು.

"ಚಿಕ್ಕಮ್ಮ, ಅದು ರೇಡಿಯೊ ಅಲ್ಲ" ಎಂದೆ.

"ಸುಮ್ನಿರೋ. ಇದು ಕಟಕ್ ಅನ್ನುತ್ತೆ. ಬೇರೆ ಕೊಡು."

ಹೀಗೆ ಒಂದೊಂದನ್ನೇ ಕಿವಿಗೆ ಹಿಡಿದು ಒತ್ತಿ, ತಲೆಯಾಡಿಸಿ ಕೆಳಗಿಡುತ್ತ ಹೋದಳು. ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬ ನಗು ತಡೆಯಲಾರದೆ ಬಾಗಿಲ ಕಡೆ ತಿರುಗಿಕೊಂಡ. ಸದ್ದು ಬರಬಾರದು, ಬೆಳಕು ಬರಬಾರದು, ಏಪ್ರನ್ನಿನ ಜೇಬಿನಲ್ಲಿ ಹಿಡಿಸಬೇಕು. ಫೋಟೊ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಅವಳು ಕೇಳಲೇ ಇಲ್ಲ. ಆಗ ನನಗೆ ಯಾರ ಫೋಟೊ ಎನ್ನುವುದು ಹೊಳೆಯಿತು.

"ಚಿಕ್ಕಪ್ಪಂಗೆ ಗೊತ್ತಾದ್ರೆ?"

"ಗೊತ್ತಾಗ್ಬಾರ್ದು ಅಂತಾನೇ ನಿನ್ನ ಹತ್ರ ಬಂದಿದ್ದು." ಸ್ವಲ್ಪ ಹೊತ್ತು ಕೌಂಟರಿನ ಗಾಜನ್ನು ಏಪ್ರನ್ನಿನ ತುದಿಯಿಂದ ಒರೆಸಿದಳು. ಆಮೇಲೆ ಹೇಳಿದಳು: "ಅಕ್ಕ ಕಾಲು ಮುರ್ಕೊಂಡಾಗ ನಿಮ್ಮನೇಲಿ ಹತ್ತು ದಿನ ಇದ್ದೆನಲ್ಲ? ಒಂದಿನ ಬೆಳಿಗ್ಗೆ ಎದ್ದು ಅವರನ್ನ ನೆನೆಸ್ಕೊಂಡೆ. ನಮ್ಮನೆ ಗೋಡೆ ಮೇಲೆ ಮದುವೆ ಫೋಟೊ ಇದೆಯಲ್ಲ, ಆ ಮುಖ ಬಂತು ಕಣೋ. ನುಣ್ಣಗಿರೋದು. ಅವರು ಬರ್ಲಿಲ್ಲ. ಎಷ್ಟು ಪ್ರಯತ್ನಪಟ್ರೂ ಬರ್ಲಿಲ್ಲ. ಆ ಫೋಟೊದವನ ಜೊತೆ ನಾನು ಇದ್ದಿದ್ದು ಬರೀ ಒಂದು ವರ್ಷ. ಇವರ ಜೊತೆ ಇಪ್ಪತ್ತೊಂದು ವರ್ಷ ಇದ್ದೀನಿ. ನಾಳೆ ಇವರು ಹೋಗ್ಬಿಟ್ರೆ ನಂಗೆ ಆ ಹುಡುಗ ಉಳೀತಾನೆ, ನನ್ನ ಗಂಡ ಉಳಿಯಲ್ಲ."

ಮೂಲೆಯ ಕಪಾಟಿನಿಂದ ಹಳೆಯ ಮಾದರಿಯ ಒಂದು ಚಿಕ್ಕ ಕ್ಯಾಮೆರಾ ತೆಗೆದೆ. ಯಾರಿಗೂ ಬೇಡವಾಗಿ ಧೂಳು ತಿನ್ನುತ್ತಿದ್ದ ಮಾಲು, ಆದರೆ ಅದರ ಸದ್ದನ್ನು ಪೂರ್ತಿ ನಿಲ್ಲಿಸಬಹುದಿತ್ತು. ನಿಲ್ಲಿಸಿದೆ, ಫ್ಲ್ಯಾಶ್ ಆರಿಸಿದೆ, ಮುಂದಿನ ಕೆಂಪು ದೀಪದ ಮೇಲೆ ಕಪ್ಪು ಟೇಪು ಅಂಟಿಸಿದೆ. ಅವಳು ಕಿವಿಗೆ ಹಿಡಿದು ಮೂರು ಸಲ ಒತ್ತಿದಳು. "ಇದು" ಎಂದಳು.

ನಾಲ್ಕು ತಿಂಗಳು ಅವಳು ಒದ್ದಾಡಿದ ಒದ್ದಾಟ ಆ ದೇವರಿಗೇ ಪ್ರೀತಿ. ಹದಿನೈದು ದಿನಕ್ಕೊಮ್ಮೆ ಕ್ಯಾಮೆರಾದ ಮೆಮೊರಿ ಕಾರ್ಡು ತಂದು ಕೊಡುತ್ತಿದ್ದಳು. ಕಂಪ್ಯೂಟರಿಗೆ ಹಾಕಿ ನೋಡಿದರೆ ಕುರ್ಚಿಯ ಕಾಲು, ಕಿಟಕಿಯ ಸರಳು, ಚಿಕ್ಕಪ್ಪನ ಬೆನ್ನು, ಮೊಣಕೈ, ಟವಲ್ಲು, ಅವಳದೇ ಹೆಬ್ಬೆರಳು. ಒಂದು ಸಲ ಬರೀ ಕಿವಿ ಬಂತು. "ಈ ಕಿವಿ ಚೆನ್ನಾಗಿದೆ, ಇಟ್ಕೋತೀಯಾ?" ಎಂದು ರೇಗಿಸಿದೆ. "ಹೋಗೋ ನಿನ್ನ" ಎಂದು ಬೆನ್ನಿಗೊಂದು ಗುದ್ದಿದಳು. ಬೇಡದ್ದನ್ನೆಲ್ಲ ಅಳಿಸಿ, ಕಾರ್ಡು ಖಾಲಿ ಮಾಡಿ ಅವಳಿಗೆ ಮರಳಿ ಕೊಡುತ್ತಿದ್ದೆ. ಅಂಗಡಿಯಲ್ಲಿ ಎಲ್ಲರ ಕಾರ್ಡಿಗೂ ಹಾಗೇ ಮಾಡುತ್ತಿದ್ದೆವು.

ಕೊನೆಗೆ ಒಂದು ಬಂತು. ಒಂದು ಭಾನುವಾರದ ಬೆಳಿಗ್ಗೆ ಚಿಕ್ಕಪ್ಪ ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹಾಕಲು ಹೊರಟಿದ್ದಾರೆ. ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದು ದಾರ ಪೋಣಿಸುತ್ತಿದ್ದಾರೆ. ಮುಖ ಇಡಿಯಾಗಿ ಬೆಳಕಿನಲ್ಲಿದೆ. ಬಾಯಿ ಒಂಚೂರು ತೆರೆದಿದೆ, ಬಲಗಣ್ಣು ಕಿರಿದಾಗಿದೆ, ಎಡಗಣ್ಣು ತನ್ನ ಪಾಡಿಗೆ ತಾನು ತೆರೆದೇ ಇದೆ. ಏನೋ ತಮಾಷೆ ಮಾಡಿ ಮುಗಿಸಿದವರ ಹಾಗೆ ತುಟಿ ಬಲಕ್ಕೆ ಎಳೆದಿದೆ. ಒಂದು ಗೆರೆಯೂ ಮಸುಕಾಗಿರಲಿಲ್ಲ. ಮೂವತ್ತು ವರ್ಷದಲ್ಲಿ ಅಂಥ ಚಿತ್ರ ನಾನು ತೆಗೆದಿಲ್ಲ.

ಚಿಕ್ಕಮ್ಮ ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದಳು. ಗಾಜಿನ ಮೇಜಿನ ಮುಂದೆ ನೋಡುವ ಹಾಗೆ ಮೇಲಿಂದ ಕೆಳಕ್ಕೆ, ಒಂದಂಗುಲವೂ ಬಿಡದೆ. "ಸೂಜಿ ಕಾಣಲ್ಲ ಅಂತ ಬೈತಿದ್ರು. ನಾನು ಅಡಿಗೆಮನೆ ಬಾಗಿಲ ಹಿಂದೆ ಇದ್ದೆ" ಎಂದಳು. ಕಣ್ಣು ತುಂಬಿತ್ತು. "ಕದ್ದುಬಿಟ್ಟೆ ಕಣೋ. ಅವರ ಹತ್ರ ನಾನು ಕದ್ದಿದ್ದು ಇದೊಂದೇ."

ಪ್ರಿಂಟು ಹಾಕಿಸಲು ಒಪ್ಪಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಎಲ್ಲಿಟ್ಟರೂ ಚಿಕ್ಕಪ್ಪನ ಕೈಗೆ ಸಿಗುತ್ತದೆ ಎಂದಳು. "ನಿನ್ನ ಹತ್ರಾನೇ ಇರ್ಲಿ" ಎಂದು ಕಾರ್ಡು, ಕ್ಯಾಮೆರಾ ಎರಡನ್ನೂ ನನಗೇ ಬಿಟ್ಟು ಹೋದಳು. ಅವಳ ಕೆಲಸ ಮುಗಿದಿತ್ತು. ನಾನು ಚಿತ್ರವನ್ನು ಕಂಪ್ಯೂಟರಿನಲ್ಲಿಟ್ಟು ಕಾರ್ಡು ಖಾಲಿ ಮಾಡಿದೆ. ಕಾರ್ಡಿನ ಸಮೇತ ಕ್ಯಾಮೆರಾ ಬೇರೆ ಯಾರದೋ ಪಾಲಾಯಿತು.

ಎರಡು ವರ್ಷದ ನಂತರ ಚಿಕ್ಕಪ್ಪ ಗೋದಾಮಿನಲ್ಲೇ ಹೋದರು. ಬಟ್ಟೆಯ ಮೂಟೆಗೆ ಒರಗಿ ಕೂತಿದ್ದವರು ಏಳಲಿಲ್ಲ. ಊಟದ ಡಬ್ಬಿ ಅರ್ಧ ಖಾಲಿಯಾಗಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು.

ಮನೆ ತುಂಬ ಜನ. ಚಿಕ್ಕಪ್ಪನ ಅಣ್ಣ, ಎಲ್ಲದಕ್ಕೂ ಮುಂದೆ ನಿಲ್ಲುವ ಗಟ್ಟಿ ದನಿಯ ಮನುಷ್ಯ, ಆ ಮದುವೆ ಫೋಟೊವನ್ನು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟರು. "ಇದರಲ್ಲಿ ಅವನದ್ದು ಮಾತ್ರ ತೆಗೆದು ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸ್ಕೊಂಡು ಬಾ." ಒಳಗಿನ ಕೋಣೆಯಿಂದ ಚಿಕ್ಕಮ್ಮನ ದನಿ ಬಂತು: "ಅದು ಬೇಡ. ಅವನ ಹತ್ರ ಬೇರೆ ಇದೆ." ನನ್ನನ್ನು ಕರೆದು, ಕೈ ಹಿಡಿದು, "ಅದನ್ನ ತಗೊಂಡು ಬಾ" ಎಂದಳು. ಆ ಹೊತ್ತಿನಲ್ಲೂ ಅವಳ ಮುಖದಲ್ಲಿ ಒಂದು ಸಮಾಧಾನ ಇತ್ತು. ಬಾಗಿಲ ಹೊರಗೆ ಚಿಕ್ಕಪ್ಪನ ಅಣ್ಣ ನನ್ನ ಭುಜ ಹಿಡಿದು ನಿಲ್ಲಿಸಿದರು. "ಈಗಿನದ್ದಾ? ಸ್ವಲ್ಪ ನೋಡ್ಕೊಂಡು ಮಾಡಪ್ಪ. ಮಕ್ಕಳು ಮರಿ ಬಂದು ಹೋಗೋ ಜಾಗ."

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಚಿತ್ರ ತೆರೆದೆ. ಚಿಕ್ಕಪ್ಪ ಸೂಜಿ ಹಿಡಿದು ಕೂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಕೈ ಕೆಲಸ ಹಿಡಿಯಿತು. ಮೊದಲು ಹಿಂದಿನ ಗೋಡೆಯ ಒಂದು ಕಲೆ ತೆಗೆದೆ. ಆಮೇಲೆ ಕುತ್ತಿಗೆಯ ಕೆಂಪನ್ನು ಒಂಚೂರು ತಗ್ಗಿಸಿದೆ, ಅಷ್ಟೇ. ಕೆನ್ನೆಯ ಎರಡು ಮಡಿಕೆ ಬಹಳ ಗಾಢವಾಗಿ ಕಂಡವು, ಅವನ್ನು ಮೃದು ಮಾಡಿದೆ. ಕುತ್ತಿಗೆ ಹಗುರಾದ ಮೇಲೆ ಕಿವಿ ಎದ್ದು ಕಂಡಿತು, ಅದನ್ನೂ ಸರಿಪಡಿಸಿದೆ. ರೆಪ್ಪೆಯನ್ನು ಒಂದಿಷ್ಟು ಇಳಿಸಿದೆ. ನಮ್ಮ ಕಂಪ್ಯೂಟರು ಯಾವಾಗ ಬೇಕಾದರೂ ಕೈಕೊಡುವ ಮುದಿ ಯಂತ್ರ. ಐದು ನಿಮಿಷಕ್ಕೊಮ್ಮೆ ಸೇವ್ ಒತ್ತುವುದು ನನಗೆ ಉಸಿರಾಟದಷ್ಟು ಸಹಜವಾಗಿತ್ತು. ಗಿರಾಕಿಗಳ ಚಿತ್ರವಾದರೆ ಮೊದಲು ಒಂದು ನಕಲು ಇಟ್ಟುಕೊಂಡೇ ಕೈಹಾಕುತ್ತಿದ್ದೆ. ಎಂಥೆಂಥವರಿಗೋ ಇಟ್ಟಿದ್ದೇನೆ. ಅವತ್ತು ಇಡಲಿಲ್ಲ.

ಮುಗಿದಾಗ ಚಿತ್ರ ಬಹಳ ಚೆನ್ನಾಗಿತ್ತು. ಹಾಗೆ ಅನ್ನಿಸಿತು ಎನ್ನಲು ಈಗ ನಾಚಿಕೆಯಾಗುತ್ತದೆ. ಪ್ರಿಂಟು ತೆಗೆದು, ಫ್ರೇಮ್ ಹಾಕಿಸಿ, ಕಾಗದದಲ್ಲಿ ಸುತ್ತಿಕೊಂಡು ಹೋದೆ.

ಚಿಕ್ಕಮ್ಮ ಮಂಚದ ಮೇಲೆ ಕೂತಿದ್ದಳು. ಕಾಗದ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಅವಳು ಸಿಟ್ಟಾಗಲಿಲ್ಲ. "ಇದೂ ಸರಿ. ಹೊರಗಿನ ಕೋಣೆಗೆ ಇದೇ ಇರ್ಲಿ, ಬಂದವರು ಹೆದರ್ಕೊಳ್ಳಲ್ಲ" ಎಂದು ಫ್ರೇಮನ್ನು ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿದಳು. "ಎಲ್ಲಿ, ನಂದು ಕೊಡು."

ಸೇವ್ ಒತ್ತಿದಾಗಲೆಲ್ಲ ತಿದ್ದಿದ ಮುಖ ಮೂಲದ ಮೇಲೇ ಹೋಗಿ ಕೂತಿತ್ತು, ಅವಳದು ಎನ್ನುವುದು ಎಲ್ಲೂ ಇಲ್ಲ ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ. "ನಾಳೆ ತರ್ತೀನಿ" ಎಂದೆ.

ಎಂಟು ದಿನ ನಾಳೆ ನಾಳೆ ಎಂದು ತಳ್ಳಿದೆ. ಕಂಪ್ಯೂಟರ್ ರಿಪೇರಿಯವನ ಕಾಲಿಗೆ ಬೀಳುವುದೊಂದು ಬಾಕಿ. ಅವನು ಎರಡು ದಿನ ಕೂತು ಹುಡುಕಿ, ಕೈಚೆಲ್ಲಿದ. ಕ್ಯಾಮೆರಾ ಕೊಂಡವನನ್ನು ಹುಡುಕಿಕೊಂಡು ಹೋದೆ. ಆ ಕಾರ್ಡಿನ ಮೇಲೆ ಅವನ ಮನೆಯ ಎರಡು ವರ್ಷದ ಫೋಟೊಗಳು ತುಂಬಿದ್ದವು. ಒಂಬತ್ತನೆಯ ದಿನ ಚಿಕ್ಕಮ್ಮನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಿರಣಿಯ ಪರಿಹಾರದ ಫೈಲಿನಲ್ಲಿ ಹಳೆಯ ಫೋಟೊ ಇರಬಹುದು, ಹುಡುಕಿಸುತ್ತೇನೆ ಎಂದೂ ಸೇರಿಸಿದೆ. ಆ ಮಾತಿಗೆ ಮಾತ್ರ ಅವಳು ಕೆರಳಿದಳು. "ಅದನ್ನ ಮುಟ್ಟಬೇಡ. ಅದು ಅವರ ಹಸಿ ಗಾಯ, ಅವರ ಮುಖ ಅಲ್ಲ."

ಬೈಯಬಹುದಿತ್ತು. ನಾಲ್ಕು ಬಾರಿಸಬಹುದಿತ್ತು. ಅವಳು ಕೇಳಿದ್ದು ಇಷ್ಟೇ: "ಅಳಿಸಿದೋನು ನೀನೇ ಅಲ್ವಾ? ಎಲ್ಲೆಲ್ಲಿ ಅಳಿಸಿದೆ ಅಂತ ಗೊತ್ತಿರುತ್ತಲ್ಲ? ವಾಪಸ್ ಹಾಕು."

ಮುಂದಿನ ಶನಿವಾರ ಅವಳು ಅಂಗಡಿಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕಲೆ ತೆಗೆಯುವುದು ಬಿಟ್ಟರೆ ಬೇರೇನೂ ಬಾರದ ನಾನು ಕಲೆ ಹಾಕಲು ಶುರು ಮಾಡಿದೆ. ಅವಳು ಮೇಸ್ತ್ರಿಯ ಹಾಗೆ ಹೇಳುತ್ತ ಹೋದಳು. "ಕಿವಿಯ ತುದಿ ಇಷ್ಟು ಇರ್ಲಿಲ್ಲ, ಕಡಿಮೆ ಮಾಡು. ಇಲ್ಲಿ ಮೂರು ಮಡಿಕೆ, ನಡುವಿನದು ಉದ್ದ. ಅದಲ್ಲ, ಇನ್ನೂ ಕೆಳಗೆ." ಒಂದೇ ಸಲಕ್ಕೆ ಕುತ್ತಿಗೆ ಮರಳಿ ಬಂದ ಹಾಗಾಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಹೋದ ಜೀವ ಬಂದಿತ್ತು.

ಎರಡನೆಯ ಶನಿವಾರ ಕೆನ್ನೆ. ಅಲ್ಲಿ ಅವಳು ತಡವರಿಸಿದಳು. ತುಟಿಯ ತುದಿಯಿಂದ ಹೊರಟ ಗೆರೆ ಕಿವಿಯ ಕೆಳಗೆ ಹೋಗುತ್ತಿತ್ತೋ, ನಡುವಿನಲ್ಲೇ ನಿಲ್ಲುತ್ತಿತ್ತೋ? ಕಣ್ಣು ಮುಚ್ಚಿಕೊಂಡು ತನ್ನ ಕೆನ್ನೆಯ ಮೇಲೆ ಬೆರಳಾಡಿಸಿದಳು. ಸಾಲದೆ ನನ್ನ ಕೆನ್ನೆಯ ಮೇಲೂ ಎಳೆದು ನೋಡಿದಳು. "ಕೆಳಗೇ ಹೋಗ್ತಿತ್ತು" ಎಂದಳು. ಹಾಕಿದೆ. "ಇಲ್ಲ, ತೆಗಿ" ಎಂದಳು. ತೆಗೆದೆ. "ನಿಂಗೆ ನೆನಪಿಲ್ವಾ?" ಎಂದು ಕೇಳಿದಳು. ಇಪ್ಪತ್ತಮೂರು ವರ್ಷ ಆ ಮನುಷ್ಯನ ಎದುರು ಕೂತು ನಾನು ಮರ್ಯಾದೆಗೆ ಕಣ್ಣು ಆಚೆ ತಿರುಗಿಸಿದ್ದೆ. ನನಗೆ ನೆನಪಿರಲಿಲ್ಲ.

ಮೂರನೆಯ ಶನಿವಾರ ಬಂದವಳು ಸ್ಟೂಲಿನ ಮೇಲೆ ಕೂರಲಿಲ್ಲ. ಪರದೆಯ ಮೇಲೆ ಕಲೆಗಳು ತುಂಬಿದ ಒಂದು ಮುಖವಿತ್ತು. ಅದು ಚಿಕ್ಕಪ್ಪನ ಹಾಗೂ ಇತ್ತು, ಯಾರ ಹಾಗೂ ಇರಲಿಲ್ಲ. ನಾನು ಬ್ರಷ್ ಹಿಡಿದು ಸಿದ್ಧನಾಗಿದ್ದೆ.

"ನಿಲ್ಸಿಬಿಡು" ಎಂದಳು.

"ರೆಪ್ಪೆ ಒಂದೇ ಬಾಕಿ, ಚಿಕ್ಕಮ್ಮ. ಇವತ್ತು ಮುಗಿಸಿಬಿಡೋಣ."

"ಇವತ್ತು ಬೆಳಿಗ್ಗೆ ಎದ್ದಾಗ ಇದು ಬಂತು ಕಣ್ಣ ಮುಂದೆ. ನೀನೂ ನಾನೂ ಮಾಡಿದ್ದು. ಅವರು ಬರ್ಲಿಲ್ಲ." ಪರದೆಯ ಕಡೆ ಬೆರಳು ತೋರಿಸಿದಳು. "ಒಂದೊಂದು ಗೆರೆ ಇಲ್ಲಿ ಹಾಕಿಸಿದ ಹಾಗೆ ಅಲ್ಲಿಂದ ಒಂದೊಂದು ಹೋಗ್ತಾ ಇದೆ ಕಣೋ. ಇನ್ನೂ ಕೂತ್ರೆ ಪೂರ್ತಿ ಹೋಗ್ತಾರೆ. ಅಳಿಸಿಬಿಡು ಇದನ್ನ. ನನ್ನ ಎದುರಿಗೇ ಅಳಿಸು."

ಅಳಿಸಿದೆ. ಅವಳು ಖಾಲಿ ಪರದೆಯನ್ನು ಒಮ್ಮೆ ನೋಡಿ, ಬಾಗಿಲು ತಳ್ಳಿಕೊಂಡು ಹೊರಟುಹೋದಳು. ಸೋಮವಾರ ಎಂದಿನಂತೆ ಗಿರಣಿಗೆ ಹೋದಳಂತೆ, ಇನ್ನೂ ಆರು ವರ್ಷ ಅದೇ ಗಾಜಿನ ಮೇಜಿನ ಮುಂದೆ ನಿಂತಳು. ನಾನು ಫೋಟೊ ತಿದ್ದುವುದನ್ನು ಬಿಟ್ಟೆ, ಈಗ ಕೌಂಟರಿನಲ್ಲಿ ಮಾತ್ರ ನಿಲ್ಲುತ್ತೇನೆ. ಚಿಕ್ಕಮ್ಮನಿಗೆ ಎಪ್ಪತ್ತಾಗುತ್ತ ಬಂತು. ತಿಂಗಳಿಗೆ ಎರಡು ಸಲ ಹೋಗುತ್ತೇನೆ, ಚಹಾ ಕೊಡುತ್ತಾಳೆ, ಅಂಗಿಯ ಎಳೆ ತೋರಿಸಿ ಬೈಯುತ್ತಾಳೆ, ಎಲ್ಲ ಮಾತೂ ಆಡುತ್ತೇವೆ. ಚಿಕ್ಕಪ್ಪನ ಮುಖ ಅವಳಿಗೆ ಮರಳಿ ಬಂತೋ ಇಲ್ಲವೋ ಎಂದು ಕೇಳುವ ಧೈರ್ಯ ಮಾತ್ರ ನನಗೆ ಇವತ್ತಿನವರೆಗೂ ಬಂದಿಲ್ಲ.